ಹುದ್ದೆಯ ಹೆಸರು ಮತ್ತು ಕೈಯ ಕೆಲಸ

ಬಳ್ಳಾರಿಯಲ್ಲಿ ಐಟಿಐ ಮತ್ತು ಡಿಪ್ಲೊಮಾ ಅಂತಿಮ ವರ್ಷದ ವಿದ್ಯಾರ್ಥಿಗಳು ಹಾಗೂ ಸುತ್ತಲಿನ ಕಾರ್ಖಾನೆಗಳ ಕಿರಿಯ ಮೇಲ್ವಿಚಾರಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.

ಈ ಸಭಾಂಗಣಕ್ಕೆ ಬರುವಾಗ ಬಾಗಿಲ ಬಳಿ ನಿಂತಿದ್ದ ಕೆಲವರನ್ನು ಮಾತನಾಡಿಸಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದೆ. ಒಬ್ಬರು "ಪ್ಲಾಂಟಿನ್ಯಾಗ ಅದೀನ್ರೀ" ಎಂದರು. ಇನ್ನೊಬ್ಬರು "ಕಾಂಟ್ರಾಕ್ಟ್‌ನ್ಯಾಗ" ಎಂದರು. ಮೂರನೆಯ ಹುಡುಗ "ಹೆಲ್ಪರ್ ಸರ್" ಎಂದು ಸುಮ್ಮನಾದ. ಮಗನ ಜೊತೆಗೆ ಬಂದಿರುವ ತಾಯಿಯೊಬ್ಬರು "ಕೆಲಸ ಅಂತ ಏನಿಲ್ರೀ, ಮನ್ಯಾಗ ಜೀನ್ಸ್ ಹೊಲಿತೀನಿ" ಎಂದರು. ಈ ಉತ್ತರಗಳಲ್ಲಿ ಜಾಗದ ಹೆಸರಿತ್ತು, ಗುತ್ತಿಗೆಯ ಹೆಸರಿತ್ತು, ಹುದ್ದೆಯ ಹೆಸರಿತ್ತು. ಆ ನಾಲ್ವರು ಬೆಳಗಿನಿಂದ ಸಂಜೆಯವರೆಗೆ ಕೈಯಿಂದ, ಕಣ್ಣಿನಿಂದ, ತಲೆಯಿಂದ ಏನು ಮಾಡುತ್ತಾರೆ ಎಂಬುದು ಯಾವ ಉತ್ತರದಲ್ಲಿಯೂ ಇರಲಿಲ್ಲ. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ಬಿಟ್ಟುಹೋದ ಭಾಗದ ಬಗ್ಗೆ. ಹುದ್ದೆಯನ್ನು ಕಂಪನಿ ಕೊಡುತ್ತದೆ, ಒಂದು ದಿನ ಕಂಪನಿಯೇ ಹಿಂದಕ್ಕೆ ಪಡೆಯುತ್ತದೆ. ಮಾಡಿ ಕಲಿತ ಕೆಲಸ ನಮ್ಮ ಜೊತೆಗೇ ಬರುತ್ತದೆ. ಆದರೆ ಅದನ್ನು ಬಿಡಿಸಿ ಹೇಳಲು ನಮಗೆ ಬಾರದಿದ್ದರೆ ಎದುರಿಗೆ ಕುಳಿತವರಿಗೆ ಅದು ಕಾಣುವುದಿಲ್ಲ.

ಇದನ್ನು ನಾನು ಕಲಿತದ್ದು 2011ರಲ್ಲಿ. ಆಗ ಸಂಡೂರು ಭಾಗದ ಒಂದು ಗಣಿಯ ಕ್ರಷರ್ ಪ್ಲಾಂಟಿನಲ್ಲಿ ನಿರ್ವಹಣಾ ವಿಭಾಗದ ಕಿರಿಯ ಎಂಜಿನಿಯರ್ ಆಗಿದ್ದೆ. ಆ ವರ್ಷದ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್ 26ರಂದು ಆ ನಿರ್ಬಂಧ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಬೆಟ್ಟಗಳಿಗೆ, ಹೊಲಗಳಿಗೆ, ರಸ್ತೆಗಳಿಗೆ ಆಗಿದ್ದ ಹಾನಿಯನ್ನು ಕಣ್ಣಾರೆ ಕಂಡಿದ್ದ ನನಗೆ ಆ ಆದೇಶ ಬೇಕಾಗಿತ್ತು ಎಂಬುದರಲ್ಲಿ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಆದರೆ ಅಕ್ರಮದಲ್ಲಿ ಪಾಲಿಲ್ಲದ ಸಾವಿರಾರು ಮನೆಗಳ ಒಲೆಯ ಮೇಲೂ ಅದರ ಭಾರ ಬಿತ್ತು. ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಬಿ ವರ್ಗದ ಗಣಿಗಳಿಗೂ ಷರತ್ತಿನ ಮೇಲೆ ದಾರಿ ತೆರೆದ ತೀರ್ಪು ಬಂದದ್ದು 2013ರ ಏಪ್ರಿಲ್ 18ರಂದು, ಅಂದರೆ ಇಪ್ಪತ್ತು ತಿಂಗಳು ಕಳೆದ ಮೇಲೆ. ಸಂಬಳದ ಮೇಲೆ ಬದುಕುವ ಮನೆ ಇಪ್ಪತ್ತು ತಿಂಗಳು ಕಾಯಲಾರದು. ಟಿಪ್ಪರ್ ಚಾಲಕರು, ಪಂಕ್ಚರ್ ಅಂಗಡಿಯವರು, ರಸ್ತೆ ಬದಿಯ ಖಾನಾವಳಿಯವರು, ಗಣಿಯ ಗುಮಾಸ್ತರು, ನಾವು ನಿರ್ವಹಣೆಯವರು, ಎಲ್ಲರೂ ಒಂದೇ ತಿಂಗಳಲ್ಲಿ ಕೆಲಸ ಹುಡುಕಲು ಹೊರಟೆವು.

ನಮ್ಮ ಗಣಿಯ ವೇಬ್ರಿಡ್ಜ್ ಗುಮಾಸ್ತರು ನನ್ನ ಜೊತೆಗೆ ಒಂದೇ ಬಸ್ಸಿನಲ್ಲಿ ಓಡಾಡುತ್ತಿದ್ದವರು. ಮೊದಲ ಮೂರು ಸಂದರ್ಶನಗಳಲ್ಲಿ ಅವರು ಹೇಳಿದ್ದು ಒಂದೇ ಮಾತು: "ಮೈನ್ಸ್‌ನ್ಯಾಗ ಲಾರಿ ತೂಕ ಮಾಡ್ತಿದ್ದೆ ಸರ್." ಕೇಳಿದವರಿಗೆ ಅದು ಗುಂಡಿ ಒತ್ತಿ ಚೀಟಿ ಹರಿದುಕೊಡುವ ಕೆಲಸದಂತೆ ಕಂಡಿತು. ಆ ಕೊಠಡಿಯಲ್ಲಿ ನಾನು ಎಷ್ಟೋ ರಾತ್ರಿ ಕುಳಿತಿದ್ದೇನೆ. ಆದ್ದರಿಂದ ಅವರು ಮಾಡುತ್ತಿದ್ದುದೇನು ಎಂಬುದನ್ನು ನಾನು ಬಲ್ಲೆ. ಖಾಲಿ ಟಿಪ್ಪರ್ ಒಳಗೆ ಬಂದಾಗ ಅದರ ಖಾಲಿ ತೂಕ, ತುಂಬಿ ಹೋಗುವಾಗ ಒಟ್ಟು ತೂಕ, ಎರಡರ ವ್ಯತ್ಯಾಸ ಅದಿರಿನ ತೂಕ. ಇಷ್ಟನ್ನು ಯಂತ್ರ ಮಾಡುತ್ತದೆ. ಆದರೆ ನಿನ್ನೆ ಬಂದ ಅದೇ ಗಾಡಿ ಇವತ್ತು ಖಾಲಿಯಾಗಿ ಮುನ್ನೂರು ಕಿಲೋ ಹೆಚ್ಚು ತೂಗಿದರೆ, ಟ್ರಾಲಿಯಲ್ಲಿ ಹಸಿ ಮಣ್ಣು ಅಂಟಿದೆಯೋ, ಡೀಸೆಲ್ ಟ್ಯಾಂಕ್ ತುಂಬಿದೆಯೋ, ಬೇಕೆಂದೇ ಏನಾದರೂ ಇಟ್ಟಿದ್ದಾರೋ ಎಂದು ಎದ್ದುಹೋಗಿ ನೋಡಿ ಬರುತ್ತಿದ್ದವರು ಅವರು. ಪರ್ಮಿಟ್‌ನ ಅಂಕಿ, ಚೀಟಿಯ ಅಂಕಿ, ಟ್ರಿಪ್ ಶೀಟಿನ ಅಂಕಿ ಮೂರನ್ನೂ ಶಿಫ್ಟ್ ಮುಗಿಯುವ ಹೊತ್ತಿಗೆ ತಾಳೆ ನೋಡಿ, ಒಂದು ಟ್ರಿಪ್ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಮನೆಗೆ ಹೋಗುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಸಾಲುಗಟ್ಟಿ ನಿಂತು ಸಿಟ್ಟಿಗೆದ್ದ ಚಾಲಕರನ್ನು ಹೆಸರು ಹಿಡಿದು ಕರೆದು, ಚಹಾ ಕೊಟ್ಟು, ಸಾಲು ಕದಡದಂತೆ ನೋಡಿಕೊಳ್ಳುತ್ತಿದ್ದರು. ಲೆಕ್ಕ ಹೊಂದಿಸುವುದು, ಮೋಸವನ್ನು ಮೊದಲೇ ಗುರುತಿಸುವುದು, ಒತ್ತಡದಲ್ಲಿ ಜನರನ್ನು ಸಂಭಾಳಿಸುವುದು, ಈ ಮೂರೂ ಬೇಕಾಗದ ಉದ್ಯಮ ಯಾವುದಿದೆ? ಆದರೂ ಅವರ ಬಾಯಲ್ಲಿ ಅದು "ಲಾರಿ ತೂಕ" ಎಂಬ ಎರಡು ಶಬ್ದವಾಗಿ ಉಳಿದಿತ್ತು.

ಅವರಿಗೆ ಕೆಲಸ ಸಿಕ್ಕ ಬಗೆಯನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ನಿಮಗೆ ಉಪಯೋಗವಾಗುವ ಒಂದು ವಿಷಯವಿದೆ. ಅವರು ಮೊದಲು ಕೇಳಿದ್ದು ಅಣ್ಣತಮ್ಮಂದಿರನ್ನು, ಬೀಗರನ್ನು, ಗಣಿಯ ಗೆಳೆಯರನ್ನು. ಅವರಲ್ಲಿ ಹೆಚ್ಚಿನವರು ಅದೇ ಗಣಿ, ಅದೇ ಸಾರಿಗೆಯನ್ನು ನಂಬಿ ಬದುಕಿದವರು. ಅವರ ಕೆಲಸವೂ ಅದೇ ವಾರ ಹೋಗಿತ್ತು. ಕೊನೆಗೆ ಸುದ್ದಿ ತಂದವನು ಕಿಟಕಿಯಾಚೆಯಿಂದ ಮಾತ್ರ ಪರಿಚಯವಿದ್ದ ಒಬ್ಬ ಚಾಲಕ. ಅವನು ಅದಿರು ಬಿಟ್ಟು ಸಿರುಗುಪ್ಪ ಕಡೆ ಭತ್ತದ ಲೋಡ್ ಹೊಡೆಯುತ್ತಿದ್ದ. ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಲೆಕ್ಕ ಹೊಂದುತ್ತಿಲ್ಲ, ನಂಬಿಕಸ್ಥರು ಬೇಕಾಗಿದ್ದಾರೆ ಎಂದು ಅವನೇ ಹೇಳಿದ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಬಾಸ್ಟನ್ ಬಳಿಯ ಊರೊಂದರಲ್ಲಿ ಹೊಸ ಕೆಲಸಕ್ಕೆ ಸೇರಿದ್ದವರನ್ನು ವಿಚಾರಿಸಿ ಪ್ರಕಟಿಸಿದ ಅಂಕಿಗಳು ಇದನ್ನೇ ಹೇಳುತ್ತವೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದವರು ಶೇಕಡಾ 16.7 ಮಾತ್ರ, ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇಕಡಾ 55.6, ವರ್ಷಕ್ಕೊಮ್ಮೆಯೋ ಅದಕ್ಕಿಂತ ಅಪರೂಪವಾಗಿಯೋ ಕಾಣುತ್ತಿದ್ದವರು ಶೇಕಡಾ 27.8. ಹತ್ತಿರದವರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ; ಬೇರೆ ದಾರಿಯಲ್ಲಿ ಓಡಾಡುವವರು ಬೇರೆ ಸುದ್ದಿ ತರುತ್ತಾರೆ. ಸಂಡೂರಿನ ಗುಮಾಸ್ತರಿಗೂ ಬಾಸ್ಟನ್ನಿನ ನೌಕರರಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಕೆಲಸ ಬೇಕಾದಾಗ ಸೋದರಮಾವನನ್ನು ಕೇಳಿ, ಬೇಡವೆನ್ನುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ಅಪ್ರೆಂಟಿಸ್ ಮಾಡುವಾಗ ಜೊತೆಗಿದ್ದು ಈಗ ರಾಯಚೂರಿನಲ್ಲಿರುವ ಹುಡುಗನಿಗೂ ಒಂದು ಫೋನ್ ಮಾಡಿ. ಫೋನ್ ಮಾಡಿದಾಗ "ಎಲ್ಲಿಯಾದರೂ ಒಂದು ಕೆಲಸ ನೋಡಪ್ಪ" ಎಂದರೆ ಅವನು ಏನನ್ನೂ ನೋಡಲಾರ. ನಿಮಗೆ ಬರುವ ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳಿದರೆ, ಅದೇ ವಾಕ್ಯವನ್ನು ಅವನು ತನ್ನ ಇನ್‌ಚಾರ್ಜ್‌ಗೆ ಹೇಳಬಲ್ಲ.

ಗುಮಾಸ್ತರು ಗಿರಣಿಗೆ ಹೋಗುವ ಹಿಂದಿನ ದಿನ ಸಂಜೆ ನಾವಿಬ್ಬರು ಕುಳಿತು, ಅವರು ಮಾಡಿದ್ದನ್ನೆಲ್ಲ ಅರ್ಧ ಪುಟದಲ್ಲಿ ಬರೆದೆವು. ಗಿರಣಿಯ ಯಜಮಾನರು ಅದನ್ನು ಓದಿ ಕೇಳಿದ ಮೊದಲ ಪ್ರಶ್ನೆ, ಖಾಲಿ ಚೀಲದ ತೂಕವನ್ನು ಹೇಗೆ ಕಳೆಯುತ್ತೀರಿ ಎಂಬುದು. ಅದಿರಿನಲ್ಲಿ ಚೀಲವಿರುವುದಿಲ್ಲ, ಆದರೆ ಖಾಲಿ ತೂಕದ ಮರ್ಮ ಅವರಿಗೆ ಗೊತ್ತಿತ್ತು. ಹತ್ತು ಚೀಲವನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯುತ್ತೇನೆ, ಹಳೆಯ ಚೀಲ ಹೊಸ ಚೀಲ ಬೇರೆ ಬೇರೆ ತೂಗುತ್ತೇನೆ ಎಂದರು. ಅಲ್ಲಿಗೆ ಸಂದರ್ಶನ ಮುಗಿಯಿತು.

ಆ ತಾಯಿಯ ಮಾತಿಗೆ ಹಿಂದಿರುಗುತ್ತೇನೆ. ಅಮ್ಮಾ, ನಿಮ್ಮ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಬಳ್ಳಾರಿಯ ಜೀನ್ಸ್ ದೇಶದ ಎಷ್ಟೋ ಊರುಗಳಿಗೆ ಹೋಗುತ್ತದೆ. ಒಂದು ಪ್ಯಾಂಟ್ ಕಟಿಂಗ್‌ನಿಂದ ಹೊಲಿಗೆಗೆ, ಹೊಲಿಗೆಯಿಂದ ವಾಷಿಂಗ್‌ಗೆ, ಅಲ್ಲಿಂದ ಗುಂಡಿ ಹಾಕಲು, ದಾರ ಕತ್ತರಿಸಲು, ಇಸ್ತ್ರಿಗೆ ಎಂದು ಹಲವು ಕೈ ದಾಟುತ್ತದೆ. ಅದರಲ್ಲಿ ಎಷ್ಟೋ ಕೈಗಳು ಮನೆಯೊಳಗಿನ ಹೆಂಗಸರವು. ಇವರು ಬರೀ ಹೊಲಿಯುವುದಿಲ್ಲ. ಓಣಿಯ ಆರು ಮನೆಗಳಿಗೆ ಮಾಲು ಹಂಚುತ್ತಾರೆ, ಯಾರ ಹೊಲಿಗೆ ಎಲ್ಲಿ ಎಳೆಯುತ್ತದೆ ಎಂದು ನೋಡಿ ಹಿಂದಿರುಗಿಸುತ್ತಾರೆ, ವಾರದ ಕೊನೆಗೆ ಪೀಸಿನ ಲೆಕ್ಕ ಮಾಡಿ ಎಲ್ಲರಿಗೂ ಹಣ ಕೊಡುತ್ತಾರೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಇದನ್ನು ಮಾಡುವವರನ್ನು ಲೈನ್ ಸೂಪರ್‌ವೈಸರ್ ಎಂದು ಕರೆದು ತಿಂಗಳ ಸಂಬಳ, ಭವಿಷ್ಯ ನಿಧಿ, ಇಎಸ್‌ಐ ವಿಮೆ ಕೊಡುತ್ತಾರೆ. ಹೆಸರಿಲ್ಲದ ಕೆಲಸಕ್ಕೆ ಕೂಲಿಯೂ ಕಡಿಮೆ ಬೀಳುತ್ತದೆ ಎಂಬುದನ್ನು ನಾನು ಈ ಊರಿನ ಓಣಿಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ, ಅದು ನನ್ನನ್ನು ಈಗಲೂ ನೋಯಿಸುತ್ತದೆ.

ಈಗ ವಿದ್ಯಾರ್ಥಿಗಳಿಗೆ ನೇರವಾಗಿ ಕೆಲವು ಮಾತು. ನಿಮ್ಮ ಬಯೋಡೇಟಾಗಳನ್ನು ಸಂಘಟಕರು ನನಗೆ ಮೊದಲೇ ಕಳುಹಿಸಿದ್ದರು. ಹೆಚ್ಚಿನವು ತಂದೆಯ ಹೆಸರು, ಜಾತಿ, ಹವ್ಯಾಸಗಳಿಂದ ಆರಂಭವಾಗಿ, ಎಲ್ಲ ಮಾಹಿತಿಯೂ ಸತ್ಯವೆಂಬ ಪ್ರಮಾಣದಲ್ಲಿ ಮುಗಿಯುತ್ತವೆ. ನಡುವೆ ಎರಡು ವರ್ಷ ಲೇತ್ ಮೇಲೆ ನಿಂತ ಹುಡುಗ "ಟರ್ನರ್, ಐಟಿಐ ಪಾಸ್" ಎಂದಷ್ಟೇ ಬರೆದಿದ್ದಾನೆ. ಅವನು ಯಾವ ಅಳತೆಯವರೆಗೆ ನಿಖರವಾಗಿ ತಿರುವಬಲ್ಲ, ಥ್ರೆಡ್ ಕತ್ತರಿಸಬಲ್ಲನೇ, ಡ್ರಾಯಿಂಗ್ ಓದಬಲ್ಲನೇ, ಟೂಲ್‌ಗೆ ತಾನೇ ಸಾಣೆ ಹಿಡಿಯಬಲ್ಲನೇ ಎಂಬುದನ್ನು ಬರೆದಿದ್ದರೆ ಸಂದರ್ಶನ ಮಾಡುವವರು ಅಲ್ಲಿಂದಲೇ ಮಾತು ಎತ್ತಿಕೊಳ್ಳುತ್ತಿದ್ದರು. ಕೆಲಸದ ಅನುಭವವಿಲ್ಲ ಎನ್ನುವವರಿಗೆ, ಕಾರ್ಖಾನೆಯಲ್ಲಿಯೇ ಕೆಲಸ ಕಲಿಯಲು ಅವಕಾಶ ಕೊಡುವ 1961ರ ಅಪ್ರೆಂಟಿಸ್ ಕಾಯ್ದೆ ಒಂದು ಬಾಗಿಲು. ತೋರಣಗಲ್ಲಿನಿಂದ ಶಕ್ತಿನಗರದವರೆಗೆ, ಹಟ್ಟಿಯಿಂದ ಗಿಣಿಗೇರಾದವರೆಗೆ ಉಕ್ಕು, ವಿದ್ಯುತ್, ಚಿನ್ನ, ಬೀಡುಕಬ್ಬಿಣದ ದೊಡ್ಡ ಘಟಕಗಳಿರುವ ಈ ಸೀಮೆಯಲ್ಲಿ ಆ ಬಾಗಿಲನ್ನು ತಟ್ಟದೆ ಇರುವುದು ನಷ್ಟ. ಸ್ಟೈಪೆಂಡ್ ಕಡಿಮೆ ಎಂದು ಬಿಡಬೇಡಿ. ಕೆಲಸ ಕೊಡಿಸುತ್ತೇವೆ ಎಂದು ಮುಂಗಡ ಹಣ ಕೇಳುವ ಯಾವ ಏಜೆಂಟನಿಗೂ, ಅವನು ನಿಮ್ಮೂರಿನವನೇ ಆಗಿದ್ದರೂ, ಒಂದು ರೂಪಾಯಿಯನ್ನೂ ಕೊಡಬೇಡಿ.

ಸರ್ಕಾರಿ ಕೆಲಸದ ವಿಷಯವನ್ನು ಇಲ್ಲಿ ಬಿಟ್ಟುಬಿಟ್ಟರೆ ನಿಮ್ಮಲ್ಲಿ ಅರ್ಧ ಜನರಿಗೆ ಈ ಮಾತು ಸಂಬಂಧವಿಲ್ಲದ್ದಾಗುತ್ತದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅಡಿಯಲ್ಲಿ, 2013ರಿಂದ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇಕಡಾ 75, ಸಿ ಗುಂಪಿನಲ್ಲಿ ಶೇಕಡಾ 80, ಡಿ ಗುಂಪಿನಲ್ಲಿ ಶೇಕಡಾ 85 ಸ್ಥಳೀಯರಿಗೆ ಮೀಸಲು. ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆಯುವ ಅರ್ಹತಾ ಪ್ರಮಾಣಪತ್ರವನ್ನು ಅಧಿಸೂಚನೆ ಬಂದ ಮೇಲೆ ಓಡಾಡಿ ಮಾಡಿಸುವ ಬದಲು ಇವತ್ತೇ ಮಾಡಿಸಿಟ್ಟುಕೊಳ್ಳಿ. ಇದು ದೊಡ್ಡ ಹೋರಾಟದ ಫಲ, ಅದನ್ನು ಬಳಸಿಕೊಳ್ಳಬೇಕು. ಆದರೆ ಅಧಿಸೂಚನೆಗಾಗಿ ಕಾಯುತ್ತಾ, ಬಾಡಿಗೆ ಕೋಣೆಯಲ್ಲಿ ಐದಾರು ವರ್ಷ ಓದುತ್ತಲೇ ಇಪ್ಪತ್ತೊಂಬತ್ತಕ್ಕೆ ಬಂದು ನಿಂತ ಹುಡುಗರನ್ನು ಸಂದರ್ಶನ ಮಾಡುವಾಗ ನನಗೆ ಬಹಳ ಸಂಕಟವಾಗುತ್ತದೆ. ಅವರಲ್ಲಿ ಶ್ರದ್ಧೆಗೆ ಕೊರತೆಯಿರುವುದಿಲ್ಲ. ಆದರೆ ಆ ವರ್ಷಗಳಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಓದುವಾಗಲೇ ಸಂಜೆ ಎರಡು ಗಂಟೆ ಟ್ಯೂಷನ್ ಹೇಳಿ, ಅಂಗಡಿಯೊಂದರ ಜಿಎಸ್‌ಟಿ ಲೆಕ್ಕ ಬರೆಯಿರಿ, ಎಲೆಕ್ಟ್ರಿಷಿಯನ್ ಜೊತೆಗೆ ವೈರಿಂಗ್‌ಗೆ ಹೋಗಿ. ಎಷ್ಟು ಪ್ರಯತ್ನ, ಯಾವ ವಯಸ್ಸಿನವರೆಗೆ ಎಂಬುದನ್ನು ಮನೆಯವರ ಎದುರಿಗೆ ಒಂದು ಸಲ ಬಾಯಿಬಿಟ್ಟು ಹೇಳಿಕೊಳ್ಳಿ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಕಳೆದುಕೊಳ್ಳಬಾರದ ಕೆಲವು ಸಂಗತಿಗಳಿವೆ. ಅದರಲ್ಲಿ ಒಂದನ್ನು ನಾನೇ ಕಳೆದುಕೊಂಡೆ. ಗಣಿ ನಿಂತ ಮೇಲೆ ಹತ್ತು ತಿಂಗಳು ನನಗೆ ಕೆಲಸವಿರಲಿಲ್ಲ. ಮನೆ ಖರ್ಚಿಗೆಂದು ಭವಿಷ್ಯ ನಿಧಿಯ ಹಣವನ್ನೆಲ್ಲ, ಪಿಂಚಣಿಯ ಭಾಗವೂ ಸೇರಿದಂತೆ, ತೆಗೆದುಬಿಟ್ಟೆ. ಆ ಹಣ ಮೂರು ತಿಂಗಳಿಗೆ ಮುಗಿಯಿತು. ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಗಣಿಯಲ್ಲಿ ದುಡಿದ ಆರು ವರ್ಷ ಆ ಲೆಕ್ಕದಿಂದ ಅಳಿಸಿಹೋಯಿತು. ಈಗ ಭವಿಷ್ಯ ನಿಧಿಯ ಪ್ರತಿ ಸದಸ್ಯರಿಗೂ ಯುಎಎನ್ ಎಂಬ ಸಂಖ್ಯೆ ಇದೆ. ಕಂಪನಿ ಬದಲಾದರೂ ಸಂಖ್ಯೆ ಒಂದೇ ಇರುತ್ತದೆ, ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಬಹುದು. ವರ್ಗಾಯಿಸಿದರೆ ಸೇವೆ ಕೂಡುತ್ತಾ ಹೋಗುತ್ತದೆ. 5 ವರ್ಷ ತುಂಬುವ ಮೊದಲೇ ತೆಗೆದರೆ ಆದಾಯ ತೆರಿಗೆಯ ಪ್ರಶ್ನೆಯೂ ಏಳುತ್ತದೆ. ಕೆಲಸ ಬಿಟ್ಟ ಮೇಲೆ ಪೋರ್ಟಲ್‌ನಲ್ಲಿ ನಿಮ್ಮ ನಿರ್ಗಮನದ ದಿನಾಂಕ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಿ. ಆಧಾರ್‌ನಲ್ಲಿ ಒಂದು ಹೆಸರು, ಕಂಪನಿಯ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದು, ತಂದೆಯ ಹೆಸರಿನ ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆ ಅಲೆದವರನ್ನು ನಾನು ಬಲ್ಲೆ. ಅದನ್ನು ಸೇರಿದ ತಿಂಗಳಲ್ಲಿಯೇ ಸರಿಪಡಿಸಿಕೊಳ್ಳಿ.

ಗ್ರ್ಯಾಚ್ಯುಯಿಟಿಯ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡುವ ಹಣದ ಲೆಕ್ಕವೂ ಸರಳವಾಗಿದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ತಿಂಗಳಿಗೆ 20,000 ರೂಪಾಯಿ, 8 ವರ್ಷ ಸೇವೆ ಎಂದಾದರೆ ಸುಮಾರು 92,300 ರೂಪಾಯಿ. ಕಾಯಂ ನೌಕರರಿಗೆ ಇದು 5 ವರ್ಷ ತುಂಬಿದ ಮೇಲೆ ಸಿಗುತ್ತದೆ; ನಾಲ್ಕೂವರೆ ವರ್ಷಕ್ಕೆ ಎರಡು ಸಾವಿರ ರೂಪಾಯಿ ಹೆಚ್ಚಿನ ಸಂಬಳಕ್ಕೆಂದು ಬಿಟ್ಟುಹೋಗುವವರು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರ್ಯಾಚ್ಯುಯಿಟಿ ಅನ್ವಯಿಸುತ್ತದೆ. ನೇಮಕಾತಿ ಪತ್ರ ಕೊಡುವುದೂ ಕಡ್ಡಾಯವಾಗಿದೆ. ಆ ಪತ್ರವನ್ನು ಕೇಳಿ ಪಡೆಯಿರಿ. ಬಾಯಿಮಾತಿನಲ್ಲಿ ಸೇರಿದವರ ಅನುಭವ ಬಾಯಿಮಾತಿನಲ್ಲಿಯೇ ಉಳಿಯುತ್ತದೆ.

ಇನ್ನು ಮೇಲ್ವಿಚಾರಕರಾಗಿ ಹೊಸದಾಗಿ ಬಡ್ತಿ ಪಡೆದವರ ಜೊತೆಗೆ ಮಾತು. ಹತ್ತು ತಿಂಗಳ ನಂತರ ನನಗೆ ಕೊಪ್ಪಳ ಜಿಲ್ಲೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮುಂದಿನ ವರ್ಷವೇ ಕಚ್ಚಾವಸ್ತು ಸಾಗಿಸುವ ಕನ್ವೇಯರ್ ವಿಭಾಗದ ಶಿಫ್ಟ್ ಇನ್‌ಚಾರ್ಜ್ ಆದೆ. ಒಂದು ರಾತ್ರಿ ಮೋಟಾರ್ ಮತ್ತು ಗೇರ್‌ಬಾಕ್ಸ್ ನಡುವಿನ ಕಪ್ಲಿಂಗ್‌ನ ರಬ್ಬರ್ ಬುಶ್‌ಗಳು ಸವೆದು ಪುಡಿಯಾಗಿ ಬೆಲ್ಟ್ ನಿಂತಿತು. ನಾನು ಓಡಿಹೋಗಿ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಚ್ಚತೊಡಗಿದೆ. ಹದಿನಾಲ್ಕು ವರ್ಷ ಬೆಲ್ಟುಗಳನ್ನೇ ನೋಡಿಕೊಂಡು ಬಂದ ಫಿಟ್ಟರ್ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಹೇಳಿದರು: "ಸರ್, ಸ್ಪ್ಯಾನರ್ ನಿಮ್ಮ ಕೈಯಾಗಿದ್ರ ನನ್ನ ಕೈಯಾಗ ಏನಿರಬೇಕ್ರೀ? ಸ್ಟೋರಿನ್ಯಾಗ ಬುಶ್ ಅದಾವೋ ಇಲ್ಲೋ ಯಾರು ನೋಡ್ಬೇಕು? ಕಂಟ್ರೋಲ್ ರೂಮಿಗೆ ಎಷ್ಟೊತ್ತು ಆಗ್ತದಂತ ಯಾರು ಹೇಳ್ಬೇಕು?" ನಾನು ಎದ್ದು ನಿಂತೆ. ಸ್ಟೋರ್‌ನಲ್ಲಿ ಆ ಅಳತೆಯ ಬುಶ್ ನಾಲ್ಕು ಮಾತ್ರ ಇದ್ದವು, ಬೇಕಾದದ್ದು ಎಂಟು. ನಿಂತ ಇನ್ನೊಂದು ಲೈನಿನಿಂದ ಉಳಿದ ನಾಲ್ಕನ್ನು ತೆಗೆಸಲು ಅನುಮತಿ ಪಡೆಯುವುದು ನನ್ನಿಂದ ಮಾತ್ರ ಸಾಧ್ಯವಿತ್ತು, ಅಷ್ಟು ಹೊತ್ತು ನಾನು ಅದನ್ನು ಬಿಟ್ಟು ಬೋಲ್ಟ್ ತಿರುವುತ್ತಿದ್ದೆ.

ಚೆನ್ನಾಗಿ ಕೆಲಸ ಮಾಡುವವರನ್ನೇ ಮೇಲ್ವಿಚಾರಕರನ್ನಾಗಿ ಮಾಡುತ್ತಾರೆ. ಆದರೆ ಆ ದಿನದಿಂದ ಅವರ ಕೆಲಸವೇ ಬದಲಾಗಿದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಬಡ್ತಿಯೆಂದರೆ ಒಂದು ಮೆಟ್ಟಿಲು ಎಂದು ನಾವು ತಿಳಿಯುತ್ತೇವೆ. ನನ್ನ ಅನುಭವದಲ್ಲಿ ಅದು ಗಣಿ ಬಿಟ್ಟು ಗಿರಣಿಗೆ ಹೋದಷ್ಟೇ ದೊಡ್ಡ ವೃತ್ತಿ ಬದಲಾವಣೆ. ಹಿಂದೆ ನಮ್ಮ ಕೈ ಎಷ್ಟು ಮಾಡಿತು ಎಂಬುದು ಲೆಕ್ಕವಾಗಿತ್ತು. ಈಗ ಎಂಟು ಜನರ ಕೈಗೆ ಸಾಮಾನು, ಸಮಯ, ಸರಿಯಾದ ಸೂಚನೆ ತಲುಪಿತೇ ಎಂಬುದು ಲೆಕ್ಕ. ಇಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ಒಂದು ತೊಡಕೂ ಇದೆ. ಇನ್‌ಚಾರ್ಜ್ ಆದ ಹುಡುಗನಿಗಿಂತ ಫಿಟ್ಟರ್ ಹದಿನೈದು ವರ್ಷ ದೊಡ್ಡವರಿರುತ್ತಾರೆ, ಒಂದೇ ಊರಿನವರು, ಕೆಲವೊಮ್ಮೆ ಸಂಬಂಧದಲ್ಲಿ ಮಾವನೂ ಆಗಿರುತ್ತಾರೆ. ನಿನ್ನೆಯವರೆಗೆ "ಲೇ ತಮ್ಮಾ" ಎಂದವರು ಇವತ್ತು "ಸರ್" ಎನ್ನಬೇಕೇ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಬೇಡ. ಅವರು ತಮ್ಮಾ ಎನ್ನಲಿ, ನೀವು ಅಣ್ಣಾ, ಮಾವಾ ಎನ್ನಿ. ಆದರೆ ಶಿಫ್ಟಿನ ಲಾಗ್ ಬುಕ್‌ನಲ್ಲಿ ಯಾರಿಗೆ ಯಾವ ಕೆಲಸ, ಮುಗಿಯಿತೇ, ಉಳಿದದ್ದೇನು ಎಂಬುದನ್ನು ಎಲ್ಲರಿಗೂ ಒಂದೇ ರೀತಿಯಲ್ಲಿ ಬರೆಯಿರಿ. ತಪ್ಪನ್ನು ಹೇಳಬೇಕಾದರೆ ಹೆಲ್ಪರ್‌ಗಳ ಎದುರಿಗೆ ಹೇಳಬೇಡಿ. ಚಹಾಕ್ಕೆ ಕರೆದುಕೊಂಡು ಹೋಗಿ ಹೇಳಿ.

ರಜೆಯ ವಿಷಯದಲ್ಲಿ ಮೇಲ್ವಿಚಾರಕರ ನ್ಯಾಯಬುದ್ಧಿ ಎಲ್ಲಕ್ಕಿಂತ ಮೊದಲು ಬಯಲಾಗುತ್ತದೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬಂದಾಗ ಎಲ್ಲರಿಗೂ ತೇರಿನ ದಿನ ರಜೆ ಬೇಕು. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟಾಗ ನಾಟಿಗೆ, ಆಮೇಲೆ ಕೊಯ್ಲಿಗೆ ಅರ್ಧ ಜನ ಹೊಲಕ್ಕೆ ಹೋಗಲೇಬೇಕು, ಏಕೆಂದರೆ ಹೊಲ ಅವರ ಮೊದಲ ಕೆಲಸ, ಕಾರ್ಖಾನೆ ಎರಡನೆಯದು. ಮೊದಲ ವರ್ಷ ನಾನು ಬಂದ ಅರ್ಜಿಗಳನ್ನೆಲ್ಲ ತಿರಸ್ಕರಿಸಿದೆ. ಜಾತ್ರೆಯ ದಿನ ಹನ್ನೊಂದು ಜನರಲ್ಲಿ ನಾಲ್ವರು ಬಂದರು. ಮುಂದಿನ ಡಿಸೆಂಬರ್‌ನಲ್ಲಿ ಎಲ್ಲರನ್ನೂ ಕೂರಿಸಿ, ಯಾರ ಹೊಲ ಯಾವ ಕಾಲುವೆಯ ಮೇಲಿದೆ, ಯಾರು ಕಳೆದ ವರ್ಷ ತೇರು ನೋಡಿದ್ದಾರೆ, ಯಾರಿಗೆ ರಂಜಾನ್ ಮುಖ್ಯ, ಯಾರಿಗೆ ಕ್ರಿಸ್‌ಮಸ್ ಎಂದು ಕೇಳಿ ಗೋಡೆಯ ಕ್ಯಾಲೆಂಡರ್ ಮೇಲೆ ಅವರಿಂದಲೇ ಬರೆಸಿದೆ. ಬದಲಿ ಯಾರು ಬರುತ್ತಾರೆ ಎಂಬುದನ್ನೂ ಅವರೇ ಬರೆದರು. ಮತ್ತೆ ಯಾವ ಜಾತ್ರೆಗೂ ಬೆಲ್ಟ್ ನಿಲ್ಲಲಿಲ್ಲ.

ಕೊನೆಯದಾಗಿ, ಬಿಟ್ಟು ಹೋಗುವವರ ಬಗ್ಗೆ. ನಮ್ಮಲ್ಲಿ ರಾಜೀನಾಮೆ ತಂದವರನ್ನು ದ್ರೋಹಿಗಳಂತೆ ಕಾಣುವ ಅಭ್ಯಾಸವಿದೆ. ಬಾಕಿ ಸಂಬಳ ತಡೆಯುವುದು, ರಿಲೀವಿಂಗ್ ಲೆಟರ್ ಕೊಡದೆ ಅಲೆದಾಡಿಸುವುದು, ಅನುಭವ ಪತ್ರದಲ್ಲಿ "ಇವರು ಇಷ್ಟು ದಿನ ಕೆಲಸ ಮಾಡಿದ್ದಾರೆ" ಎಂಬ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವುದು ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಗುತ್ತಿಗೆದಾರರ ಮೂಲಕ ಬಂದವರಿಗೆ ಆ ಒಂದು ಸಾಲೂ ಸಿಗುವುದಿಲ್ಲ. ಅಂಥವರ ಕೆಲಸವನ್ನು ನಿಜವಾಗಿ ಕಂಡಿರುವವರು ನೀವು, ಶಿಫ್ಟಿನಲ್ಲಿ ಜೊತೆಗೆ ನಿಂತ ಮೇಲ್ವಿಚಾರಕರು. ಅವರೇನು ಬಲ್ಲರು ಎಂದು ಬರೆದುಕೊಡಲು ನಿಮಗೆ ಅರ್ಧ ಗಂಟೆ ಸಾಕು.

ನಾಲ್ಕು ವರ್ಷಗಳ ನಂತರ ಆ ಫಿಟ್ಟರ್‌ಗೆ ದೊಡ್ಡ ಉಕ್ಕಿನ ಘಟಕವೊಂದರಲ್ಲಿ ಅವಕಾಶ ಬಂತು. ಹದಿನೆಂಟು ವರ್ಷ ದುಡಿದಿದ್ದರೂ ಅವರ ಹತ್ತಿರ ಒಂದು ಕಾಗದವೂ ಇರಲಿಲ್ಲ. ಮೂರು ಗುತ್ತಿಗೆದಾರರು ಬದಲಾಗಿದ್ದರು, ಇಬ್ಬರು ಊರನ್ನೇ ಬಿಟ್ಟಿದ್ದರು. ಒಂದು ಸಂಜೆ ಶಿಫ್ಟ್ ಮುಗಿದ ಮೇಲೆ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಬೇರಿಂಗ್ ಮನೆಯ ಮೇಲೆ ಸ್ಕ್ರೂಡ್ರೈವರ್ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಹಚ್ಚಿ ಸದ್ದು ಕೇಳುವುದು; ಸದ್ದು ಒಂದೇ ಸಮನಿದ್ದರೆ ಗ್ರೀಸ್, ನಡುನಡುವೆ ಕಟಕಟ ಎಂದರೆ ಬೇರಿಂಗ್ ಬದಲಿಸುವ ಸಿದ್ಧತೆ. ಕಪ್ಲಿಂಗ್‌ನ ಎರಡು ಮುಖಗಳ ನಡುವಿನ ಸಂದನ್ನು ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳ ಅಳತೆ ಸಾಧನದಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ಕಡೆ ಅಳೆದು ಬರೆದುಕೊಳ್ಳುವುದು. ಮೇಲೆ ಕೆಳಗೆ ವ್ಯತ್ಯಾಸ ಬಂದರೆ ಮೋಟಾರಿನ ಕಾಲಿನಡಿ ಶಿಮ್ ಎಂಬ ತೆಳು ತಗಡು, ಎಡ ಬಲ ಬಂದರೆ ಪಕ್ಕಕ್ಕೆ ಸರಿಸುವುದು. ಶಿಮ್ ಹಾಕುವ ಮೊದಲು ನಾಲ್ಕೂ ಕಾಲು ನೆಲಕ್ಕೆ ಸರಿಯಾಗಿ ಕೂತಿವೆಯೇ ಎಂದು ಒಂದೊಂದೇ ಬೋಲ್ಟ್ ಸಡಿಲಿಸಿ ನೋಡುವುದು. ಬುಶ್‌ಗಳು ಹದಿನೈದು ದಿನಕ್ಕೇ ಸವೆದರೆ ಬುಶ್ಶನ್ನು ಬೈಯದೆ ಅಲೈನ್‌ಮೆಂಟ್, ಅಂದರೆ ಎರಡೂ ಕಡೆ ಒಂದೇ ನೇರದಲ್ಲಿವೆಯೇ ಎಂದು ನೋಡುವುದು. ಎರಡೂವರೆ ಪುಟವಾಯಿತು. ಅದರ ಕೆಳಗೆ ನಾನು ಸಹಿ ಮಾಡಿದೆ, ವಿಭಾಗದ ಮುಖ್ಯಸ್ಥರಿಂದಲೂ ಮಾಡಿಸಿದೆ. ಅವರಿಗೆ ಕೆಲಸ ಸಿಕ್ಕಿತು. ನೋಟಿಸ್ ಅವಧಿಯ ಮೂವತ್ತು ದಿನ ಅವರು ಇಬ್ಬರು ಹೆಲ್ಪರ್‌ಗಳನ್ನು ಜೊತೆಗೇ ಇಟ್ಟುಕೊಂಡು ತಿರುಗಿದರು.

ಅವರು ಹೋದ ಮೇಲೆ ಎರಡು ತಿಂಗಳು ನಮ್ಮ ಕೆಲಸ ನಿಧಾನವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮೂರನೆಯ ತಿಂಗಳು ಅದೇ ಕಪ್ಲಿಂಗ್ ಮತ್ತೆ ತೊಂದರೆ ಕೊಟ್ಟಿತು. ನಾನು ಸ್ಟೋರ್‌ನಿಂದ ಬುಶ್ ತೆಗೆಸಿಕೊಂಡು ಬರುವ ಹೊತ್ತಿಗೆ ಆ ಇಬ್ಬರು ಹುಡುಗರು ಎರಡೂವರೆ ಪುಟದ ಜೆರಾಕ್ಸ್ ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಮೋಟಾರಿನ ಪಕ್ಕದಲ್ಲಿ ಒರಗಿಸಿಕೊಂಡಿದ್ದರು. ಒಬ್ಬ ನಾಲ್ಕು ಕಡೆಯ ಅಳತೆ ಓದುತ್ತಿದ್ದ, ಇನ್ನೊಬ್ಬ ಸುಣ್ಣದ ಕಡ್ಡಿಯಿಂದ ಬೇಸ್ ಫ್ರೇಮಿನ ಮೇಲೆ ಬರೆದುಕೊಳ್ಳುತ್ತಿದ್ದ. ನನ್ನನ್ನು ಕಂಡು, ಶಿಮ್ ಎಷ್ಟು ದಪ್ಪದ್ದು ಬೇಕು ಎಂದು ಅವರೇ ಹೇಳಿದರು.